ಒಡ್ಡಿನ ವಂಶಾವಳಿ

ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಹೊಲಕ್ಕೆ ಮಣ್ಣೇರಿಸುವ ಕೆಲಸವನ್ನು ‘ಬಂಡು ಹಾಕಿಸುವುದು’ ಎನ್ನುವ ರೂಢಿ ಈಚೆಗೆ ಕಿವಿಗೆ ಬೀಳುತ್ತಿದ್ದು, ಇಳಿಜಾರಿಗೆ ಅಡ್ಡಲಾಗಿ ಮಳೆನೀರನ್ನೂ ಮಣ್ಣನ್ನೂ ತಡೆಯುವ ಏರಿಗೆ ‘ಒಡ್ಡು’ ಎಂಬ ಹೆಸರಿರುವಾಗ ಈ ಎರವಲು ಏಕೆ ಬೇಕಾಯಿತೆಂಬುದು ತಿಳಿಯದು. ಮುಂಡರಗಿ ಭೀಮರಾಯರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದದ್ದು ಬಂಡು. ಹೊಲದಲ್ಲಿ ಏಳಬೇಕಾದದ್ದು ಒಡ್ಡು.

ಇಂಗ್ಲೆಂಡಿನ ನಡುನಾಡಿನಲ್ಲಿ ಮಧ್ಯಯುಗದ ನೇಗಿಲು ಎಬ್ಬಿಸಿದ ದಿಂಡು-ಸಾಲುಗಳು, ಆ ನೆಲ ಮುಂದೆ ಹುಲ್ಲುಗಾವಲಾದ ಕಾರಣ, ಇಂದಿಗೂ ಅಲೆಯಲೆಯಾಗಿ ಕಾಣುತ್ತವೆ. ಗದಗ-ಬೆಟಗೇರಿಯ ಸುತ್ತಲಿನ ಎರೆ, ಅಂದರೆ ಬೇಸಿಗೆಯಲ್ಲಿ ಆಳಕ್ಕೆ ಬಿರಿದು ಮೇಲ್ಮಣ್ಣನ್ನು ತಾನೇ ನುಂಗಿ ಮಳೆ ಬಿದ್ದಾಗ ಉಬ್ಬಿ ಮುಚ್ಚಿಕೊಳ್ಳುವ ಕಪ್ಪು ಮಣ್ಣು, ಕುಂಟೆ-ಕೂರಿಗೆಗಳ ಗೆರೆಯನ್ನು ಬಹುಕಾಲ ಉಳಿಸಿಕೊಳ್ಳುವುದಿಲ್ಲ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದ ನಾಡಿನಲ್ಲಿ ಶಾಸನಗಳು ‘ಮತ್ತರು’ ಎಂಬ ಅಳತೆಯಲ್ಲಿ ದಾನವಿತ್ತ ಹೊಲಗಳ ಸಾಲುಗಳು ಹೀಗೆ ಅಳಿದವು. ಉಳಿಯಬಲ್ಲದ್ದು ಒಡ್ಡು, ಏಕೆಂದರೆ ಅದರ ಮೇಲೆ ಕುಂಟೆ ಹಾಯುವುದಿಲ್ಲ, ಕರಕಿ ಬೇರುಬಿಡುತ್ತದೆ, ತಲೆಮಾರಿಗೊಮ್ಮೆಯಾದರೂ ಯಾರೋ ಮಣ್ಣೇರಿಸುತ್ತಾರೆ.

ಕನ್ನಡಿಗರೆಲ್ಲ ಆಡುವ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಈ ಎರೆನಾಡಿನಲ್ಲಿ ಹುಟ್ಟಿರಲಾರದು. ಇಲ್ಲಿ ಕಣ್ಣು ಹಾಯುವವರೆಗೆ ಜೋಳ, ಕಡಲೆ, ಕುಸುಬಿಯ ಬಯಲೇ ಹೊರತು ಬೇಲಿ ಅಪರೂಪ. ಒಡ್ಡು ಎದ್ದು ಮೇಯುವುದಿಲ್ಲ, ಒಡೆಯುತ್ತದೆ. ಒಡೆದರೆ ಮೇಲಿನ ಹೊಲದವನ ಮಣ್ಣು ಕೆಳಗಿನವನ ಪಾಲಾಗಿ, ಕೆಳಗಿನವನ ಪೈರು ಆ ಮಣ್ಣಿನಡಿ ಹೂತು, ಇಬ್ಬರೂ ನಷ್ಟವಾದದ್ದು ತಮಗೇ ಎಂದು ವಾದಿಸುವ ಜಗಳ ಹಳ್ಳಿಯ ಕಟ್ಟೆಯಿಂದ ಕೋರ್ಟಿನವರೆಗೂ ನಡೆಯುತ್ತದೆ. ಕಾವಲಿನ ದ್ರೋಹವನ್ನು ಹೇಳುವ ಗಾದೆಗೆ ಬೇಲಿ ಒದಗಿತು. ಇಬ್ಬರನ್ನೂ ಒಟ್ಟಿಗೆ ಕೆಡಿಸುವ ಒಡ್ಡಿಗೆ ಅಷ್ಟೇ ಹೆಸರಾದ ಗಾದೆಯಿಲ್ಲದಿರುವುದು ಅನ್ಯಾಯ.

ಹಳಗನ್ನಡದಲ್ಲಿ ಒಡ್ಡು ಎಂದರೆ ಸೇನೆಯ ವ್ಯೂಹವೂ ಹೌದು. ಪಂಡಿತರು ಏನೇ ಹೇಳಲಿ, ಹೊಲದ ಅರ್ಥವೇ ಹಿರಿದಿರಬೇಕು: ನುಗ್ಗಿಬರುವ ನೀರಿಗೆ ಅಡ್ಡನಿಂತ ಮಣ್ಣನ್ನು ಕಂಡವರೇ ನುಗ್ಗಿಬರುವ ವೈರಿಗೆ ಅಡ್ಡನಿಂತವರನ್ನು ಹಾಗೆ ಕರೆದಾರು, ‘ಎದೆಯೊಡ್ಡು’ ಎನ್ನುವಾಗಲೂ ಇರುವುದು ಅದೇ ನಿಲುವು. ಉದ್ಯೋಗ ಖಾತರಿ ಕಾಮಗಾರಿಯ ‘ಕಂದಕ ಬದು’, ಅಂದರೆ ಗುಂಡಿ ತೋಡಿದ ಮಣ್ಣನ್ನೇ ಪಕ್ಕಕ್ಕೆ ಏರಿಸಿದ ದಿಂಡು, ಸಹಿಸಬಹುದಾದ ಮಾತು. ಆದರೆ ಪಂಪನು ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ ನಾಡಿನ ಕಚೇರಿಗಳು ತಮ್ಮ ಅರ್ಜಿ ನಮೂನೆಗಳಲ್ಲಾದರೂ ಒಡ್ಡನ್ನು ಒಡ್ಡೆಂದೇ ಬರೆಯಬೇಕು.