ಕಾಲುಚೀಲದ ಚೂರಿ, ತೂತಿನ ಶೂ: ಕಿಲ್ಟ್ ಜೊತೆಗಿನ ಸಾಮಾನುಗಳ ಕತೆ

ಈ ವಾರದ ಸಂಚಿಕೆಗೆ ಕಾರಣ ನನ್ನ ಅಕ್ಕನ ಮಗ. ಎಡಿನ್‌ಬರೋದಲ್ಲಿ ಕೆಲಸ ಮಾಡ್ತಾನೆ. ಜೊತೆ ಕೆಲಸ ಮಾಡೋ ಸ್ಕಾಟಿಷ್ ಗೆಳೆಯನ ಮದುವೆ, ಗಂಡಸರೆಲ್ಲ ಕಿಲ್ಟ್ ಉಟ್ಟು ಬರಬೇಕು ಅಂತ ಕರೆ ಬಂದಿದೆ. ಬಾಡಿಗೆ ಬಟ್ಟೆ ಅಂಗಡಿಯಿಂದಲೇ ಫೋನ್ ಮಾಡಿದ. "ಮಾಮ, ಕಿಲ್ಟ್ ಏನೋ ಒಪ್ಕೊಂಡೆ. ಜೊತೆಗೆ ಸೊಂಟಕ್ಕೊಂದು ಚೀಲ, ಕಾಲುಚೀಲಕ್ಕೆ ಚೂರಿ, ನಾಲಿಗೆ ಇಲ್ಲದ ಶೂ ಕೊಡ್ತಿದಾರೆ. ನನ್ನ ಆಫೀಸ್ ಶೂ ಸಾಲಲ್ವಾ? ಚೂರಿ ಯಾಕೆ?"

ಇತಿಹಾಸ ಹೇಳೋ ಮಾಮನನ್ನ ಹೀಗೆ ಕೇಳಿದ್ರೆ ಉತ್ತರ ಉದ್ದ ಆಗುತ್ತೆ. ಅವನಿಗೆ ಅರ್ಧ ಹೇಳಿದೆ, ಪೂರ್ತಿ ನಿಮಗೆ ಹೇಳ್ತೀನಿ.

ಮೊದಲು ಚೀಲ. ಪಂಚೆ ಉಟ್ಟವರಿಗೆ ಜೇಬಿಲ್ಲದ ಕಷ್ಟ ಗೊತ್ತು. ನಮ್ಮ ಹಿರಿಯರು ಎಲೆ ಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ತಿದ್ರಲ್ಲ, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಗುಡ್ಡಗಾಡಿನವರ ಸ್ಪೋರನ್ ಕೂಡ ಅಂಥದ್ದೇ. ಗೇಲಿಕ್ ಭಾಷೆಯಲ್ಲಿ ಆ ಮಾತಿನ ಅರ್ಥ ಹಣದ ಚೀಲ, ಅಷ್ಟೆ. ಮೊದಲಿಗೆ ಬರೀ ತೊಗಲು, ಬಾಯಿಗೆ ದಾರ. ಆಮೇಲೆ ಹಿತ್ತಾಳೆ ಬಾಯಿ ಬಂತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಸೈನ್ಯದವರು ಕುದುರೆ ಕೂದಲಿನ ಉದ್ದನೆ ಕುಚ್ಚು ನೇತುಹಾಕಿಕೊಂಡು ನಡೀತಿದ್ರು. ಇವತ್ತು ಹಗಲಿಗೆ ಸಾದಾ ತೊಗಲಿನದು, ರಾತ್ರಿ ಔತಣಕ್ಕೆ ತುಪ್ಪಳ ಮತ್ತು ಬೆಳ್ಳಿಯದು ಅಂತ ರೂಢಿ.

ಶೂ ಕತೆ ನನಗೆ ಇನ್ನೂ ಇಷ್ಟ. 1543ರಲ್ಲಿ ಜಾನ್ ಎಲ್ಡರ್ ಅನ್ನೋ ಹೈಲ್ಯಾಂಡ್ ಪಾದ್ರಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಕಾಗದ ಬರೆದ. ನಮ್ಮವರು ಕೆಂಪು ಜಿಂಕೆಯ ಚರ್ಮವನ್ನು ಕೂದಲು ಹೊರಗೆ ಬರುವ ಹಾಗೆ ಪಾದಕ್ಕೆ ಸುತ್ತಿ ಹೊಲಿದುಕೊಳ್ತಾರೆ, ಒಳಗೆ ಹೋದ ನೀರು ಹೊರಗೆ ಬರಲಿ ಅಂತ ಚರ್ಮಕ್ಕೆ ತೂತು ಮಾಡ್ತಾರೆ, ಅಂತ ಅದರಲ್ಲಿ ವಿವರಿಸಿದ್ದಾನೆ. ಜೌಗು ನೆಲ, ದಿನಕ್ಕೆ ನಾಲ್ಕು ಹಳ್ಳ ದಾಟಬೇಕು, ನೀರು ತಡೆಯೋಕ್ಕಾಗಲ್ಲ, ಹರಿದು ಹೋಗೋಕಾದ್ರೂ ಬಿಡೋಣ ಅನ್ನೋ ಬುದ್ಧಿ. ಇವತ್ತಿನ ಗಿಲ್ಲಿ ಬ್ರೋಗ್ ಶೂ ಮೇಲೆ ಚುಕ್ಕಿ ಚುಕ್ಕಿ ಅಲಂಕಾರ ಇರುತ್ತಲ್ಲ, ಅದು ಆ ತೂತುಗಳ ನೆನಪು. ಈಗ ಅವು ಆರುಪಾರು ಇರೋದಿಲ್ಲ, ನೀರೂ ಹೋಗಲ್ಲ. ಗಿಲ್ಲಿ ಅಂದ್ರೆ ಬೇಟೆ, ಮೀನುಗಾರಿಕೆಗೆ ಹೋಗೋ ಧಣಿಯ ಜೊತೆ ನಡೆಯುವ ಆಳು. ಆಳಿನ ಹೆಸರಿನ ಶೂ ಈಗ ಮದುಮಗನ ಕಾಲಲ್ಲಿದೆ!

ಈ ಉಡುಪು ಒಂದು ಕಾಲಕ್ಕೆ ಅಪರಾಧ ಆಗಿತ್ತು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಲ್ಲಿ ಬಂಡುಕೋರರು ಸೋತರು. ಅದೇ ವರ್ಷ ಪಾರ್ಲಿಮೆಂಟ್ ಕಾನೂನು ತಂತು: ಹೈಲ್ಯಾಂಡ್ ಉಡುಪು ತೊಟ್ಟ ಗಂಡಸು ಅಥವಾ ಹುಡುಗನಿಗೆ ಮೊದಲ ಸಲ ಆರು ತಿಂಗಳು ಜೈಲು, ಎರಡನೇ ಸಲಕ್ಕೆ ಏಳು ವರ್ಷ ಸಮುದ್ರದಾಚೆ ಗಡಿಪಾರು. ವಿನಾಯಿತಿ ಇದ್ದದ್ದು ದೊರೆಯ ಸೈನ್ಯ ಸೇರಿದವರಿಗೆ. ಕಿಲ್ಟ್ ಉಡಬೇಕಾ, ನಮ್ಮ ಬಂದೂಕು ಹಿಡಿ ಅಂದ ಹಾಗೆ. ಕಾನೂನು ರದ್ದಾಗಿದ್ದು 1782ರಲ್ಲಿ. ಅಷ್ಟೊತ್ತಿಗೆ ಒಂದು ತಲೆಮಾರು ಪ್ಯಾಂಟಿಗೆ ಒಗ್ಗಿಹೋಗಿತ್ತು.

ಹಾಗಾದ್ರೆ ವಾಪಸ್ ತಂದವರು ಯಾರು? 1822ರ ಆಗಸ್ಟಿನಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟು ಸುಮಾರು 170 ವರ್ಷ ಆಗಿತ್ತು. ಉತ್ಸವದ ಹೊಣೆ ಕಾದಂಬರಿಕಾರ ವಾಲ್ಟರ್ ಸ್ಕಾಟ್‌ದು. ದೊರೆಯ ಹೈಲ್ಯಾಂಡ್ ಉಡುಪು, ಆಯುಧ, ಆಭರಣ ಸೇರಿ ಬಿಲ್ 1,350 ಪೌಂಡ್ ದಾಟಿತು. ಸ್ಥೂಲ ಶರೀರ, ಗಿಡ್ಡ ಕಿಲ್ಟ್, ಒಳಗೆ ಮೈಬಣ್ಣದ ಬಿಗಿ ಚಡ್ಡಿ. ನಕ್ಕವರು ಬಹಳ. ಆದ್ರೆ ನಿನ್ನೆ ಮೊನ್ನೆವರೆಗೆ ಗುಡ್ಡದವರ ಬಟ್ಟೆ ಅಂತ ಮೂಗು ಮುರೀತಿದ್ದ ತಗ್ಗು ನಾಡಿನ ಶ್ರೀಮಂತರೂ ಆವತ್ತು ಅದನ್ನೇ ಹೊಲಿಸಿಕೊಂಡರು.

ಚೂರಿಗೆ ಬರ್ತೀನಿ. ಹೆಸರು ಸ್ಕೀಯನ್ ಡೂ, ಕಪ್ಪು ಚೂರಿ. ಯಾರ ಮನೆಗಾದ್ರೂ ಹೋದಾಗ ಬಚ್ಚಿಟ್ಟ ಚೂರಿಯನ್ನು ಕಾಣುವ ಹಾಗೆ ಕಾಲುಚೀಲಕ್ಕೆ ಸಿಕ್ಕಿಸೋದು ಮರ್ಯಾದೆ ಅಂತ ಕತೆ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ, ನನಗೇನೋ ನಂಬಿಕೆ ಬರಲ್ಲ. ಕಾಲುಚೀಲದ ಚೂರಿ ಕಾಣೋ ಹೆಸರಾಂತ ಹಳೇ ಚಿತ್ರ ಅಂದ್ರೆ 1812ರ ಸುಮಾರಿಗೆ ಹೆನ್ರಿ ರೇಬರ್ನ್ ಬರೆದ ಗ್ಲೆನ್‌ಗ್ಯಾರಿಯ ಮ್ಯಾಕ್‌ಡೊನೆಲ್‌ನ ಭಾವಚಿತ್ರ. ಈತ ಕುಲದ ನಾಯಕ. ಅಪ್ಪಟ ಹೈಲ್ಯಾಂಡರುಗಳದ್ದು ಅಂತ ಹೆಸರಿಟ್ಟು 1815ರಲ್ಲಿ ಒಂದು ಸಂಘವನ್ನೇ ಕಟ್ಟಿದ. ಅದೇ ಮನುಷ್ಯ ತನ್ನ ಒಕ್ಕಲುಗಳನ್ನು ಜಮೀನಿಂದ ಎಬ್ಬಿಸಿದವನು. ಅವನ ಅಪ್ಪ ಅಮ್ಮನ ಕಾಲದಲ್ಲೇ ಶುರುವಾಗಿತ್ತು; ನೆಲ ಕುರಿಗೆ ಹೋಯಿತು, ಜನ ಕೆನಡಾಕ್ಕೆ ಹಡಗು ಹತ್ತಿದರು. ಅಲ್ಲಿ ಒಂಟಾರಿಯೊದಲ್ಲಿ ಇವತ್ತಿಗೂ ಗ್ಲೆನ್‌ಗ್ಯಾರಿ ಅನ್ನೋ ಜಿಲ್ಲೆ ಇದೆ. ಎಡಿನ್‌ಬರೋದ ಗ್ಯಾಲರಿಯಲ್ಲಿ ಆ ಚಿತ್ರದ ಮುಂದೆ ನಿಂತಾಗ ನಾನು ನೋಡಿದ್ದು ಬಟ್ಟೆಯನ್ನಲ್ಲ, ಅದನ್ನು ಉಡೋಕೆ ಊರಲ್ಲಿ ಉಳಿಯದವರನ್ನ ನೆನೆಸಿಕೊಳ್ತಿದ್ದೆ.

ನಮಗೂ ಇದರಲ್ಲಿ ಒಂದು ಎಳೆ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದವರಲ್ಲಿ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟಿನವರಿದ್ರು. ಹತ್ತೇ ವರ್ಷಕ್ಕೆ, 1809ರಲ್ಲಿ, ಈ ಎರಡೂ ಸೇರಿ ಹಲವು ರೆಜಿಮೆಂಟುಗಳಿಂದ ಸರ್ಕಾರ ಕಿಲ್ಟ್ ಕಿತ್ತುಕೊಂಡಿತು. ಹೈಲ್ಯಾಂಡಿನಲ್ಲಿ ಸೈನ್ಯಕ್ಕೆ ಬೇಕಾದಷ್ಟು ಜನ ಸಿಗ್ತಿರಲಿಲ್ಲ, ಹೊರಗಿನವರು ಕಿಲ್ಟ್ ಅಂದ್ರೆ ಸೇರೋಕೆ ಹಿಂಜರೀತಿದ್ರು. ಇನ್ನೊಂದು ಕೇಳಿ: ಟಿಪ್ಪುವಿನ ದೇಹವನ್ನು ಜನರಲ್ ಬೇರ್ಡ್ ಪತ್ತೆಹಚ್ಚುವ ದೊಡ್ಡ ಚಿತ್ರ ಬರೆದ ಡೇವಿಡ್ ವಿಲ್ಕಿಯೇ ಕಿಲ್ಟ್ ಉಟ್ಟ ನಾಲ್ಕನೇ ಜಾರ್ಜ್‌ನನ್ನೂ ಬರೆದವನು. ದೊರೆಯ ಚಿತ್ರದಲ್ಲಿ ಆ ಮೈಬಣ್ಣದ ಚಡ್ಡಿಯನ್ನು ಮಾತ್ರ ಜಾಣತನದಿಂದ ಬಿಟ್ಟುಬಿಟ್ಟಿದ್ದಾನೆ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು: ಆಫೀಸ್ ಶೂ ಕಪ್ಪಗಿದ್ದು, ಪಾಲಿಷ್ ಹೊಡೆದಿದ್ರೆ ಸಾಕು, ಯಾರೂ ಏನೂ ಅನ್ನಲ್ಲ. ಗಿಲ್ಲಿ ಬ್ರೋಗ್ ಹಾಕೋದಾದ್ರೆ ಲೇಸನ್ನು ಕಣಕಾಲಿನ ಮೇಲೆ ಸುತ್ತಿ ಕಟ್ಟು, ಮೀನಖಂಡದವರೆಗೆ ಏರಿಸಬೇಡ. ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚು, ಎರಡೂ ಪದರಕ್ಕೆ ಚುಚ್ಚಿದ್ರೆ ಕೂತಾಗ ಬಟ್ಟೆ ಹರಿಯುತ್ತೆ. ಚೂರಿ ನಿನ್ನಿಷ್ಟ.

"ಚೂರಿ ಬೇಡ ಮಾಮ," ಅಂದ. "ಚೀಲ ಇರ್ಲಿ. ಫೋನ್ ಎಲ್ಲಿಡ್ಲಿ?"