ಅನೂಪದೇಶ ಮತ್ತು ಅಮ್ಲಪಿತ್ತ: ಒಂದು ಐತಿಹಾಸಿಕ ವಿವೇಚನೆ

ಸಕಲೇಶಪುರ ತಾಲ್ಲೂಕಿನ ವನಗೂರು ಮಳೆ ಕಾಡುಗಳ ನಾಡಿಗೆ ಸೇರಿದ ಗ್ರಾಮ. ನೀರೂ ಮರಗಳೂ ಹೇರಳವಾಗಿರುವ ಇಂತಹ ಪ್ರದೇಶವನ್ನು ಪ್ರಾಚೀನ ವೈದ್ಯರು ‘ಅನೂಪ’ವೆಂದೂ, ನೀರು ವಿರಳವಾದ ಒಣಭೂಮಿಯನ್ನು ‘ಜಾಂಗಲ’ವೆಂದೂ ಕರೆದರು. ಈ ವಿಭಾಗವು ಭೂಗೋಳಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಜಠರದ ಹುಳಿಯನ್ನು ಕುರಿತ ವಿಚಾರದ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವುಂಟು.

ಹುಳಿತೇಗು, ಎದೆ ಗಂಟಲುಗಳ ಉರಿ, ಅರುಚಿ ಇವು ‘ಅಮ್ಲಪಿತ್ತ’ದ ಲಕ್ಷಣಗಳು. ಚರಕ ಸುಶ್ರುತ ಸಂಹಿತೆಗಳಲ್ಲಿ ಈ ರೋಗಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಮಾಧವನಿದಾನದಲ್ಲಿಯೂ, ನೇಪಾಳದಲ್ಲಿ ದೊರೆತ ಹಸ್ತಪ್ರತಿಯ ಆಧಾರದಿಂದ 1938ರಲ್ಲಿ ಮುದ್ರಿತವಾದ ಕಾಶ್ಯಪಸಂಹಿತೆಯಲ್ಲಿಯೂ ಅದುಂಟು. ಕಾಶ್ಯಪನ ಮತದಂತೆ ಈ ವ್ಯಾಧಿಯು ಪ್ರಾಯಶಃ ಅನೂಪದೇಶದಲ್ಲಿ ಹುಟ್ಟತಕ್ಕದ್ದು. ಅದನ್ನು ಜಾಂಗಲದೇಶದ ಔಷಧಗಳಿಂದ ಉಪಚರಿಸಬೇಕು. ಆಗಲೂ ಶಮನವಾಗದಿದ್ದರೆ ರೋಗಿಯು ದೇಶಾಂತರಕ್ಕೆ ಹೋಗಬೇಕು.

ಈ ಸಲಹೆಯನ್ನು ಪಾಲಿಸಲು ಯಾರಿಗೆ ಸಾಧ್ಯವಿದ್ದಿತು ಎಂಬುದು ಇತಿಹಾಸದ ವಿದ್ಯಾರ್ಥಿಯು ಕೇಳಲೇಬೇಕಾದ ಪ್ರಶ್ನೆ. ಗದ್ದೆಯನ್ನು ನಂಬಿದ ರೈತನಿಗಾಗಲಿ, ತೋಟದ ಕೂಲಿಯವನಿಗಾಗಲಿ ಊರನ್ನು ತೊರೆಯುವುದೆಂದರೆ ಅನ್ನವನ್ನೇ ತೊರೆದಂತೆ. ಅಂಥವರಿಗೆ ಜೀರಿಗೆಯ ಕಷಾಯವೋ ಮಜ್ಜಿಗೆಯೋ ಗತಿ.

ಪಾಶ್ಚಾತ್ಯ ವೈದ್ಯವು ರೋಗಿಯ ದೇಶವನ್ನು ಬಿಟ್ಟು ಅವನ ಜಠರರಸವನ್ನೇ ಪರೀಕ್ಷಿಸಿತು. ಅದರಲ್ಲಿರುವುದು ಹೈಡ್ರೊಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1823ರಲ್ಲಿ ತೋರಿಸಿದನು. ಆಗ ಚಿಕಿತ್ಸೆಯೆಂದರೆ ಕ್ಷಾರದಿಂದ ಆಮ್ಲವನ್ನು ತಗ್ಗಿಸುವುದು. ಸೋಡಾ, ಮೆಗ್ನೀಷಿಯಾಗಳ ಕಾರ್ಯವಿದು. ಸುಣ್ಣದ ಅಂಶವುಳ್ಳ ನಮ್ಮ ಶಂಖಭಸ್ಮದ ಕಾರ್ಯವೂ ಇದನ್ನೇ ಹೋಲುತ್ತದೆ. 1976ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಸಿಮೆಟಿಡೀನ್ ಆಮ್ಲದ ಸ್ರವಣವನ್ನೇ ಕುಗ್ಗಿಸಿತು. 1988ರಲ್ಲಿ ಬಂದ ಒಮೆಪ್ರಜೋಲ್ ಆಮ್ಲವನ್ನು ಹೊರಹಾಕುವ ಜೀವಕೋಶದ ಪಂಪನ್ನೇ ತಡೆಯಿತು. ಆದರೂ ಔಷಧವನ್ನು ನಿಲ್ಲಿಸಿದೊಡನೆ ಅನೇಕರಲ್ಲಿ ಹುಣ್ಣು ಮರುಕಳಿಸುತ್ತಿತ್ತು.

ಈ ಒಗಟನ್ನು ಬಿಡಿಸಿದವರು ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್. 1982ರಲ್ಲಿ ಅವರು ಜಠರದಲ್ಲಿ ನೆಲಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣುವನ್ನು ಬೆಳೆಸಿ, ಅದಕ್ಕೂ ಹುಣ್ಣಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಹುಣ್ಣಿಗೆ ಈ ಸೂಕ್ಷ್ಮಾಣುವೂ ಕೆಲವು ನೋವುನಿವಾರಕ ಮಾತ್ರೆಗಳೂ ಮುಖ್ಯ ಕಾರಣಗಳೆಂದು ಈಗ ಸ್ಥಿರಪಟ್ಟಿದೆ. ಸೂಕ್ಷ್ಮಾಣುವಿದ್ದಲ್ಲಿ ಆಮ್ಲಶಾಮಕದೊಡನೆ ಅದನ್ನು ನಾಶಪಡಿಸುವ ಔಷಧವೂ ಅಗತ್ಯ.

ಕಾಶ್ಯಪನು ಹೇಳಿದ ಅನೂಪದಲ್ಲಿ ಈ ಸೂಕ್ಷ್ಮಾಣುವನ್ನು ಹುಡುಕುವುದು ಇತಿಹಾಸವಾಗಲಾರದು. ಅಮ್ಲಪಿತ್ತವೂ ಹುಣ್ಣೂ ಒಂದೇ ಎನ್ನುವುದೂ ಸಾಧುವಲ್ಲ. ಆದರೆ ಹುಳಿಯನ್ನು ತಗ್ಗಿಸಿದ ಮಾತ್ರಕ್ಕೆ ರೋಗವು ಮುಗಿಯದು, ಅದರ ಹಿಂದಿನ ಕಾರಣವನ್ನು ಅರಸಬೇಕು ಎಂಬಲ್ಲಿ ಹಳಬರೂ ಹೊಸಬರೂ ಒಂದೇ ದಾರಿಯಲ್ಲಿ ನಡೆದವರು. ಹಳಬರು ಕಂಡ ಕಾರಣ ದೇಶವಾದುದರಿಂದ ಮದ್ದಿಗೆ ಬಗ್ಗದ ರೋಗಕ್ಕೆ ಅವರು ಹೇಳಿದ ಕೊನೆಯ ಉಪಾಯ ವಲಸೆ. ವನಗೂರಿನ ರೈತನು ಇಂದು ಗದ್ದೆಯನ್ನು ಬಿಡದೆಯೇ ಹುಣ್ಣನ್ನು ವಾಸಿಮಾಡಿಕೊಳ್ಳಬಲ್ಲನು. ಈ ಇತಿಹಾಸದಲ್ಲಿ ಇದೇ ಹಿರಿದಾದ ಲಾಭವೆಂದು ನಮ್ಮ ಅಭಿಪ್ರಾಯ.