ಪಿಸ್ತೂಲಿಗೆ ತಕ್ಕ ಒರೆ: ಕಾಣದಂತೆ ಒಯ್ಯುವ ಕ್ರಮ, ಕಾನೂನು ಮತ್ತು ಆಯ್ಕೆ

ದೇವದುರ್ಗ: ಪರವಾನಗಿ ಪಡೆದ ಪಿಸ್ತೂಲನ್ನು ನಾಲ್ಕು ಜನರಿಗೆ ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಅಂತಸ್ತಿನ ಗುರುತು ಎಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ಕಾನೂನು ಹೇಳುವುದು ಇದಕ್ಕೆ ತೀರ ವಿರುದ್ಧವಾದ ಮಾತನ್ನು. ಕೇಂದ್ರ ಸರ್ಕಾರದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಒಯ್ಯುವಾತ ಅದನ್ನು ಹೋಲ್‌ಸ್ಟರ್‌ನಲ್ಲಿ, ಅಂದರೆ ಅದಕ್ಕೆಂದೇ ತಯಾರಿಸಿದ ಒರೆಯಲ್ಲಿ ಅಥವಾ ಅಂಥದೇ ಚೀಲದಲ್ಲಿ ಇಟ್ಟುಕೊಂಡಿರಬೇಕು. ಆಯುಧವು ಪೂರ್ತಿಯಾಗಿ ಮುಚ್ಚಿರಬೇಕು. ಅದರ ಮೇಲೆ ಒಯ್ಯುವವನ ಹಿಡಿತ ಸದಾ ಇರಬೇಕು.

ಅಮೆರಿಕದ ಹಲವು ರಾಜ್ಯಗಳಲ್ಲಿ ಪಿಸ್ತೂಲನ್ನು ಮರೆಮಾಡಿ ಒಯ್ಯುವುದು ಹಲವು ಆಯ್ಕೆಗಳಲ್ಲಿ ಒಂದು. ಭಾರತದಲ್ಲಿ ಅದು ಕಡ್ಡಾಯ. ಹೀಗಾಗಿ ಒರೆಯ ಆಯ್ಕೆಯನ್ನು ಶೋಕಿಯ ವಿಷಯವೆಂದು ತಳ್ಳಿಹಾಕುವಂತಿಲ್ಲ. ಮೈಗೆ ಒಗ್ಗದ ಒರೆಯನ್ನು ಕೊಂಡವರು ಎರಡೇ ದಿನಗಳಲ್ಲಿ ಅದನ್ನು ಕಳಚಿಟ್ಟು, ಆಯುಧವನ್ನು ಕಾರಿನ ಡ್ಯಾಶ್‌ಬೋರ್ಡ್‌ನಲ್ಲೋ ತಲೆದಿಂಬಿನ ಕೆಳಗೋ ಇಡತೊಡಗುತ್ತಾರೆ. ಅಲ್ಲಿಂದ ಅದು ಕಳ್ಳನ ಅಥವಾ ಮಗುವಿನ ಕೈಗೆ ಸಿಗಲು ಹೆಚ್ಚು ಹೊತ್ತು ಬೇಕಿಲ್ಲ.

ಕಾನೂನಿನ ಹಿನ್ನೆಲೆ

ಆಯುಧಕ್ಕೆ ಪರವಾನಗಿ ಎಂಬ ಕಲ್ಪನೆ ಈ ಭಾಗದ ಜನರಿಗೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ತಂದ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಅದೇ ವರ್ಷದ ನವೆಂಬರ್‌ನಲ್ಲಿ ದಂಗೆಯೆದ್ದ ಕಥೆ ಉತ್ತರ ಕರ್ನಾಟಕದಲ್ಲಿ ಮನೆಮಾತು. ಆ ಕಾಲಕ್ಕೆ ರಾಯಚೂರು ದೋಆಬ್ ಪ್ರದೇಶವೂ ಬ್ರಿಟಿಷರ ಆಡಳಿತದಲ್ಲಿತ್ತು. 1853ರಲ್ಲಿ ನಿಜಾಮನಿಂದ ಅವರ ಕೈಗೆ ಹೋದ ಈ ಸೀಮೆ 1860ರಲ್ಲಿ ಮರಳಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು.

ಸ್ವಾತಂತ್ರ್ಯಾನಂತರ ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಇಂದಿಗೂ ಮೂಲ ಕಾನೂನು. 2019ರ ತಿದ್ದುಪಡಿಯಿಂದ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯ ಅವಧಿ ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿದೆ. ಸಂಭ್ರಮಕ್ಕೆಂದು ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಜಿಲ್ಲೆಗಳಲ್ಲಿ ಪರವಾನಗಿ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗೆ, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್‌ಗೆ ಇದೆ. ಅರ್ಜಿದಾರರು ಆಯುಧ ಸುರಕ್ಷತೆಯ ತರಬೇತಿಯನ್ನೂ ಪಡೆದಿರಬೇಕಾಗುತ್ತದೆ.

ಪಿಸ್ತೂಲಿನ ಗಾತ್ರ, ಸೊಂಟದ ಭಾರ

ಪೂರ್ಣಗಾತ್ರದ ಪಿಸ್ತೂಲು ಎಂದರೆ ಸುಮಾರು 200 ಮಿಲಿಮೀಟರ್ ಉದ್ದದ, ಅಂಗೈ ತುಂಬ ಹಿಡಿಯಬಹುದಾದ ಆಯುಧ. ದೇಶದ ಪೊಲೀಸ್ ಮತ್ತು ಅರೆಸೇನಾ ಪಡೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಇಶಾಪುರ ಕಾರ್ಖಾನೆಯ 9 ಎಂ.ಎಂ. ಪಿಸ್ತೂಲು ಇದಕ್ಕೆ ಒಳ್ಳೆಯ ಉದಾಹರಣೆ. ಬ್ರೌನಿಂಗ್ ಹೈಪವರ್ ವಿನ್ಯಾಸದ ಈ ಆಯುಧದ ಮ್ಯಾಗಜಿನ್‌ನಲ್ಲಿ 13 ಗುಂಡುಗಳಿಗೆ ಸ್ಥಳವಿದೆ. ಗುಂಡು ತುಂಬಿದಾಗ ಇದರ ತೂಕ ಒಂದು ಕಿಲೋಗ್ರಾಂ ದಾಟುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 17 ಹೆಚ್ಚುಕಡಿಮೆ ಇಷ್ಟೇ ಉದ್ದವಿದ್ದರೂ 17 ಗುಂಡುಗಳ ಸಹಿತ ಸುಮಾರು 900 ಗ್ರಾಂ ತೂಗುತ್ತದೆ.

ಈ 9 ಎಂ.ಎಂ. ಗುಂಡು ನಾಗರಿಕರಿಗೆ ನಿಷಿದ್ಧ. ಸಾಮಾನ್ಯ ಪರವಾನಗಿದಾರರ ಬಳಿ ಹೆಚ್ಚಾಗಿ ಕಾಣುವುದು .32 ಬೋರ್‌ನ ಪಿಸ್ತೂಲು ಮತ್ತು ರಿವಾಲ್ವರ್‌ಗಳು. ಸರ್ಕಾರಿ ಕಾರ್ಖಾನೆಗಳ 'ಅಶನಿ' ಪಿಸ್ತೂಲು, ಕಾನಪುರದಲ್ಲಿ ತಯಾರಾಗುವ ರಿವಾಲ್ವರ್‌ಗಳು ಈ ವರ್ಗಕ್ಕೆ ಸೇರಿವೆ. ಗಾತ್ರ ತುಸು ಕಡಿಮೆಯಾದರೂ ಉಕ್ಕಿನ ಆಯುಧವಾದ್ದರಿಂದ ಭಾರದ ಸಮಸ್ಯೆ ಇಲ್ಲಿಯೂ ತಪ್ಪಿದ್ದಲ್ಲ. ಆದ್ದರಿಂದ ಮುಂದೆ ಹೇಳುವ ಮಾತುಗಳು ಕರ್ತವ್ಯದ ಮೇಲೆ ಮಫ್ತಿಯಲ್ಲಿರುವ ಪೊಲೀಸರಿಗೂ ಪರವಾನಗಿದಾರರಿಗೂ ಸಮಾನವಾಗಿ ಅನ್ವಯಿಸುತ್ತವೆ.

ಒಂದು ಕಿಲೋ ಭಾರವನ್ನು ಹೊರುವುದು ಒರೆಯಲ್ಲ, ಬೆಲ್ಟ್. ಅಂಗಡಿಯಲ್ಲಿ ಸಿಗುವ ತೆಳುವಾದ ಬೆಲ್ಟ್ ಭಾರಕ್ಕೆ ಮಡಚಿಕೊಂಡು ಪಿಸ್ತೂಲಿನ ಹಿಡಿಯನ್ನು ಹೊರಕ್ಕೆ ವಾಲಿಸುತ್ತದೆ. ಅಂಗಿಯ ಮೇಲೆ ಉಬ್ಬು ಕಾಣುವುದು ಆಗಲೇ. ಎರಡು ಪದರ ಚರ್ಮವನ್ನು ಸೇರಿಸಿ ಹೊಲಿದ, ಸುಮಾರು ಒಂದೂವರೆ ಇಂಚು ಅಗಲದ ಗಟ್ಟಿ ಬೆಲ್ಟ್ ಮೊದಲ ಅಗತ್ಯ. ಒರೆಯ ಕುಣಿಕೆ ಬೆಲ್ಟಿನ ಅಗಲಕ್ಕೆ ಸರಿಯಾಗಿ ಕೂಡಬೇಕು. ಸಡಿಲವಿದ್ದರೆ ನಡೆಯುವಾಗ ಒರೆ ಹಿಂದೆ ಮುಂದೆ ಜಾರುತ್ತದೆ.

ಒರೆಯ ಬಗೆಗಳು

ಸೊಂಟದ ಹೊರಗಿನ ಒರೆ: ಬೆಲ್ಟಿಗೆ ಹೊರಮೈಯಲ್ಲಿ ತೂಗುವ ಇದು ಎಲ್ಲಕ್ಕಿಂತ ಹಿತಕರ. ಪೂರ್ಣಗಾತ್ರದ ಪಿಸ್ತೂಲಿಗೂ ಒಗ್ಗುತ್ತದೆ. ಆದರೆ ಮುಚ್ಚಲು ಉದ್ದನೆಯ ಮೇಲಂಗಿ ಬೇಕು. ಜನಪ್ರತಿನಿಧಿಗಳ ಗನ್‌ಮ್ಯಾನ್‌ಗಳು ಸಫಾರಿ ಉಡುಪನ್ನು ನೆಚ್ಚಿಕೊಂಡದ್ದು ಈ ಕಾರಣಕ್ಕೆ. ಸೊಂಟದಿಂದ ಕೆಳಕ್ಕೆ ಇಳಿಯುವ ಸಫಾರಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಬೇಕಿಲ್ಲ.

ಸೊಂಟದ ಒಳಗಿನ ಒರೆ: ಪ್ಯಾಂಟು ಮತ್ತು ಮೈ ನಡುವೆ ಕೂಡುವ ಈ ಒರೆ ನಳಿಕೆಯ ಭಾಗವನ್ನು ಪೂರ್ತಿ ಮರೆಮಾಡುತ್ತದೆ. ಸಾಧಾರಣ ಅಂಗಿಯನ್ನು ಹೊರಬಿಟ್ಟರೂ ಸಾಕು. ಇದನ್ನು ಬಳಸುವವರು ಪ್ಯಾಂಟಿನ ಸುತ್ತಳತೆಯನ್ನು ಒಂದೆರಡು ಇಂಚು ಹೆಚ್ಚಿಸಿಕೊಳ್ಳಬೇಕು. ಬಲಗೈ ಬಳಸುವವರಿಗೆ ಬಲ ಸೊಂಟದ ಮೂಳೆಯ ತುಸು ಹಿಂದೆ, ಹಿಡಿಯು ಸ್ವಲ್ಪ ಮುಂದಕ್ಕೆ ಬಾಗಿರುವಂತೆ ಕೂಡಿಸಿದರೆ ಉಬ್ಬು ಕಡಿಮೆ.

ಹೊಟ್ಟೆಯ ಮುಂಭಾಗದ ಒರೆ: ತೆಳುಮೈಯವರಿಗೆ ಅನುಕೂಲ, ಕೈಗೆ ಬೇಗ ಸಿಗುತ್ತದೆ. ಆದರೆ ಕುಳಿತಾಗ ನಳಿಕೆಯ ತುದಿ ತೊಡೆಯ ಸಂದಿಗೆ ಮುಖಮಾಡಿರುತ್ತದೆ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತು ಉಣ್ಣುವ ನಮ್ಮ ರೂಢಿಗೆ ಪೂರ್ಣಗಾತ್ರದ ಪಿಸ್ತೂಲನ್ನು ಹೀಗೆ ಇಟ್ಟುಕೊಳ್ಳುವುದು ಹಿಂಸೆಯೇ ಸರಿ.

ಭುಜದ ಒರೆ: ಕಂಕುಳ ಕೆಳಗೆ ತೂಗುವ ಈ ಬಗೆಯಲ್ಲಿ ಭಾರ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ದಿನವಿಡೀ ವಾಹನ ಚಲಾಯಿಸುವವರಿಗೆ ಇದು ಹಿತ. ಆದರೆ ಮೇಲೆ ಕೋಟು ಅಥವಾ ಜಾಕೀಟು ಬೇಕು. ಅಡ್ಡಲಾಗಿ ಕೂಡುವ ಒರೆಗಳಲ್ಲಿ ನಳಿಕೆಯು ಹಿಂದೆ ನಿಂತವರತ್ತ ತಿರುಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಬೆನ್ನಿನ ನಡುವಿನ ಒರೆ ಮತ್ತು ಕಣಕಾಲಿನ ಒರೆ: ಬೈಕಿನಿಂದ ಬಿದ್ದರೆ ಬೆನ್ನ ನಡುವೆ ಇರುವ ಉಕ್ಕಿನ ತುಂಡು ಬೆನ್ನುಮೂಳೆಗೆ ಪೆಟ್ಟು ಕೊಡಬಲ್ಲದು. ಕಣಕಾಲಿನ ಒರೆ ಸಣ್ಣ ಆಯುಧಕ್ಕೆ ಮಾತ್ರ ಸರಿ. ಪೂರ್ಣಗಾತ್ರದ ಪಿಸ್ತೂಲಿಗೆ ಎರಡೂ ಸಲ್ಲ.

ಬಿಸಿಲು, ಬೆವರು, ಉಡುಪು

ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯಲ್ಲಿ ಒರೆಯ ಮೊದಲ ಶತ್ರು ಬೆವರು. ಜಾಕೀಟು, ಕೋಟುಗಳು ಇಲ್ಲಿ ವರ್ಷದ ಬಹುಪಾಲು ಅಸಾಧ್ಯವಾದ್ದರಿಂದ ಭುಜದ ಒರೆಯ ಉಪಯೋಗ ಸೀಮಿತ. ಮೈಗೆ ತಾಗುವ ಒಳಗಿನ ಒರೆಯಾದರೆ ಆಯುಧ ಮತ್ತು ಚರ್ಮದ ನಡುವೆ ಎತ್ತರದ ತಡೆಪಟ್ಟಿ ಇರುವಂಥದ್ದನ್ನು ಆರಿಸುವುದು ಒಳಿತು. ಒಳಗೆ ಹತ್ತಿಯ ಬನಿಯನ್ ಇರಲಿ.

ಹಿರಿಯರಲ್ಲಿ ಧೋತರ, ನೆಹರು ಅಂಗಿ ಇಂದಿಗೂ ರೂಢಿಯಲ್ಲಿದೆ. ಮೊಣಕಾಲುವರೆಗೆ ಇಳಿಯುವ ನೆಹರು ಅಂಗಿ ಪಿಸ್ತೂಲನ್ನು ಚೆನ್ನಾಗಿ ಮುಚ್ಚುತ್ತದೆ. ತೊಡಕು ಇರುವುದು ಧೋತರದಲ್ಲಿ. ಅದರ ಗಂಟು ಒಂದು ಕಿಲೋ ಭಾರವನ್ನು ತಡೆಯದು. ಧೋತರದ ಮೇಲೆ ಗಟ್ಟಿ ಬೆಲ್ಟ್ ಕಟ್ಟಿ ಅದಕ್ಕೆ ಹೊರಗಿನ ಒರೆ ಜೋಡಿಸುವುದೊಂದೇ ಸುರಕ್ಷಿತ ದಾರಿ. ಒರೆಯಿಲ್ಲದೆ ಪಿಸ್ತೂಲನ್ನು ಧೋತರದ ಮಡಿಕೆಗೆ ಅಥವಾ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸುವುದು ಅತ್ಯಂತ ಅಪಾಯಕಾರಿ. ಜಾರುವ ಆಯುಧವನ್ನು ಹಿಡಿಯಲು ಹೋದ ಕೈ ಟ್ರಿಗರ್ ಮೇಲೆಯೇ ಬೀಳುತ್ತದೆ.

ಚರ್ಮವೋ, ಪ್ಲಾಸ್ಟಿಕ್ಕೋ?

ಚರ್ಮದ ಒರೆ ಮೈಗೆ ಮೃದು, ದಿನ ಕಳೆದಂತೆ ದೇಹದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಬೆವರನ್ನು ಹೀರಿಕೊಂಡು ಉಕ್ಕಿಗೆ ತುಕ್ಕು ತರುತ್ತದೆ. ಹದಗೊಳಿಸುವಾಗ ಬಳಸಿದ ಲವಣಗಳೂ ಇದಕ್ಕೆ ಕಾರಣವಾಗಬಲ್ಲವು. ತೊಗಟೆ ರಸದಿಂದ ಹದಗೊಳಿಸಿದ ಗಟ್ಟಿ ಚರ್ಮ ಇದ್ದುದರಲ್ಲಿ ಉತ್ತಮ. ಹಳೆಯದಾದಾಗ ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುವ ಚರ್ಮದ ಒರೆಯನ್ನು ಕೂಡಲೇ ಕೈಬಿಡಬೇಕು. ಪಿಸ್ತೂಲನ್ನು ಒಳಗಿಡುವಾಗ ಆ ಮಡಿಕೆ ಟ್ರಿಗರ್ ಒತ್ತಬಲ್ಲದು.

ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಬೆವರು ಹೀರುವುದಿಲ್ಲ, ಆಕಾರ ಕೆಡುವುದಿಲ್ಲ, ನೀರಿನಲ್ಲಿ ತೊಳೆಯಬಹುದು. ಆದರೆ ಅಂಚುಗಳು ಮೈಗೆ ಒತ್ತುತ್ತವೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಶಾಖಕ್ಕೆ ರೂಪಗೆಡುವ ಸಾಧ್ಯತೆಯಿದೆ. ಅಗ್ಗದ ನೈಲಾನ್ ಒರೆಗಳು ಎಲ್ಲ ಪಿಸ್ತೂಲಿಗೂ ಒಗ್ಗುತ್ತವೆಂದು ಮಾರಾಟವಾಗುತ್ತವೆ. ಎಲ್ಲಕ್ಕೂ ಒಗ್ಗುವ ಒರೆ ಯಾವುದನ್ನೂ ಬಿಗಿಯಾಗಿ ಹಿಡಿಯದು.

ಸ್ಥಳೀಯ ಚರ್ಮ ಕುಶಲಕರ್ಮಿಗಳಿಂದ ಒರೆ ಹೊಲಿಸುವವರೂ ಇದ್ದಾರೆ. ಅಳತೆಗೆಂದು ಆಯುಧವನ್ನು ಅವರ ಬಳಿ ಬಿಟ್ಟುಬರುವುದು ಕಾನೂನುಬಾಹಿರ. ಪರವಾನಗಿ ಇಲ್ಲದವರ ವಶಕ್ಕೆ ಆಯುಧ ಕೊಡುವಂತಿಲ್ಲ. ಅದೇ ಅಳತೆಯ ಮರದ ಅಚ್ಚು ಮಾಡಿಸಿ ಕೊಡುವುದು ಸರಿಯಾದ ಕ್ರಮ.

ಕೊಳ್ಳುವ ಮುನ್ನ ನೋಡಬೇಕಾದುದು

* ಟ್ರಿಗರ್ ಮತ್ತು ಅದರ ಸುತ್ತಲಿನ ಕಡಗ ಪೂರ್ತಿ ಮುಚ್ಚಿರಬೇಕು. ಈ ಒಂದು ಗುಣ ಇಲ್ಲದಿದ್ದರೆ ಉಳಿದವನ್ನು ನೋಡುವ ಅಗತ್ಯವೇ ಇಲ್ಲ.
* ಗುಂಡು ತೆಗೆದ ಖಾಲಿ ಪಿಸ್ತೂಲನ್ನು ಒರೆಯಲ್ಲಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಅಲುಗಾಡಿಸಿದರೂ ಅದು ಜಾರಬಾರದು. ಜನಸಂದಣಿಯಲ್ಲಿ ಓಡಾಡುವವರಿಗೆ ಗುಂಡಿ ಪಟ್ಟಿ ಇರುವ ಒರೆ ಮೇಲು. ಪೊಲೀಸರು ಬಳಸುವ ಲ್ಯಾನ್ಯಾರ್ಡ್ ಹುರಿಯ ಉದ್ದೇಶವೂ ಆಯುಧ ಕೈತಪ್ಪದಿರಲಿ ಎಂಬುದೇ.
* ಪಿಸ್ತೂಲು ತೆಗೆದ ಮೇಲೂ ಒರೆಯ ಬಾಯಿ ತೆರೆದೇ ಇರಬೇಕು. ಒಂದೇ ಕೈಯಲ್ಲಿ ಮರಳಿ ಇಡಲು ಬರಬೇಕು.
* ಖಾಲಿ ಆಯುಧದೊಂದಿಗೆ ಮನೆಯಲ್ಲಿ ಎರಡು ಮೂರು ಗಂಟೆ ಕುಳಿತು, ಎದ್ದು, ಬಗ್ಗಿ, ಮೆಟ್ಟಿಲು ಹತ್ತಿ ನೋಡಬೇಕು. ಮೂಳೆಗೆ ಒತ್ತುವ ಒರೆ ನಾಳೆ ಕಪಾಟು ಸೇರುವುದು ಖಚಿತ.
* ಕೈ ಎತ್ತಿದಾಗ, ಬಗ್ಗಿದಾಗ ಅಂಗಿ ಮೇಲೆ ಸರಿದು ಹಿಡಿ ಕಾಣುವುದೇ ಎಂಬುದನ್ನು ಕನ್ನಡಿಯ ಮುಂದೆ ಪರೀಕ್ಷಿಸಬೇಕು.

ಒಯ್ಯಬಾರದ ಸ್ಥಳಗಳು

ಎಷ್ಟೇ ಒಳ್ಳೆಯ ಒರೆಯಿದ್ದರೂ ಎಲ್ಲೆಡೆ ಆಯುಧ ಒಯ್ಯಲು ಅದು ಅನುಮತಿಯಲ್ಲ. ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಮತ್ತು ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಆಯುಧ ತರುವಂತಿಲ್ಲ ಎಂಬುದು ಪರವಾನಗಿಯ ಷರತ್ತುಗಳಲ್ಲಿ ಒಂದು. ಕಾರಹುಣ್ಣಿಮೆಯ ಸಂಭ್ರಮಕ್ಕಾಗಲಿ ಊರ ತೇರಿಗಾಗಲಿ ಹೊರಟವರು ಪಿಸ್ತೂಲನ್ನು ಮನೆಯಲ್ಲಿ ಬೀಗ ಹಾಕಿಟ್ಟೇ ಹೋಗಬೇಕು.

ಗಡಿ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಪರವಾನಗಿಯ ವ್ಯಾಪ್ತಿ. ರಾಯಚೂರು ಜಿಲ್ಲೆಗೆ ತೆಲಂಗಾಣ ಮತ್ತು ಆಂಧ್ರಪ್ರದೇಶ ಎರಡೂ ನೆರೆ. ಪರವಾನಗಿ ಪುಸ್ತಕದಲ್ಲಿ ಕರ್ನಾಟಕ ಎಂದಷ್ಟೇ ನಮೂದಾಗಿದ್ದರೆ ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋಗುವಾಗ ಆಯುಧ ಜೊತೆಗಿರುವಂತಿಲ್ಲ. ದೇವದುರ್ಗದವರು ಕೃಷ್ಣೆ ದಾಟಿ ಯಾದಗಿರಿ ಜಿಲ್ಲೆಗೆ ಹೋಗಲೂ ವ್ಯಾಪ್ತಿ ರಾಯಚೂರು ಜಿಲ್ಲೆಗಷ್ಟೇ ಸೀಮಿತವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿಮಾನದಲ್ಲಿ ಪ್ರಯಾಣಿಕರು ಆಯುಧವನ್ನು ಮೈಮೇಲೆ ಒಯ್ಯುವಂತಿಲ್ಲ. ಮುಂಚಿತವಾಗಿ ತಿಳಿಸಿ, ಗುಂಡು ತೆಗೆದು, ಸರಕಿನೊಂದಿಗೆ ಒಪ್ಪಿಸಬೇಕು. ಮೂಲ ಪರವಾನಗಿ ಸದಾ ಜೊತೆಗಿರಲಿ.

ಚುನಾವಣೆ ಘೋಷಣೆಯಾದಾಗ ಪರಿಶೀಲನಾ ಸಮಿತಿಯ ತೀರ್ಮಾನದಂತೆ ಆಯುಧಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಆಗ ಎಣ್ಣೆ ಸವರಿ, ಚರ್ಮದ ಒರೆಯಿಂದ ಹೊರತೆಗೆದು, ಬೇರೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ರಸೀದಿ ಪಡೆಯುವುದು ವಾಡಿಕೆಯಾಗಬೇಕು. ವಾರಗಟ್ಟಲೆ ಚರ್ಮದೊಳಗೆ ಉಳಿದ ಉಕ್ಕು ತುಕ್ಕು ಹಿಡಿಯದೆ ಇರದು.

ಒರೆ ಕಳಚಿದ ಮೇಲೆ

ಮನೆಗೆ ಬಂದ ಕೂಡಲೇ ಮೊದಲು ಮ್ಯಾಗಜಿನ್, ಆಮೇಲೆ ಚೇಂಬರ್‌ನಲ್ಲಿರುವ ಗುಂಡು ತೆಗೆಯಬೇಕು. ಈ ಅನುಕ್ರಮ ತಪ್ಪಿದರೆ ಖಾಲಿಯೆಂದು ತಿಳಿದ ಪಿಸ್ತೂಲಿನಲ್ಲಿ ಒಂದು ಗುಂಡು ಉಳಿದುಬಿಡುತ್ತದೆ. ಚೇಂಬರ್ ಖಾಲಿಯಾಗಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಒಣ ಬಟ್ಟೆಯಿಂದ ಬೆವರು ಒರೆಸಿ, ಆಯುಧ ಮತ್ತು ಗುಂಡುಗಳನ್ನು ಬೇರೆ ಬೇರೆಯಾಗಿ ಬೀಗದಲ್ಲಿಡಬೇಕು. ಬೀಗದ ಕೈ ಮನೆಯ ಮಕ್ಕಳಿಗೆ ಎಟುಕುವಂತಿರಬಾರದು. ಆಯುಧ ಕಳೆದುಹೋದರೆ ಅಥವಾ ಕಳುವಾದರೆ ತಡಮಾಡದೆ ಸಮೀಪದ ಠಾಣೆಗೆ ತಿಳಿಸುವುದು ಪರವಾನಗಿದಾರರ ಹೊಣೆ.